ಫ್ರೀಜರ್ ಮೇಲೆ ಗೂಬೆ ಕೂರಿಸಬೇಡಿ

ಬಕ್ರೀದ್‌ಗೆ ಮಾಡಿದ ಕುರ್ಮಾ ಮೂರು ತಿಂಗಳಾದರೂ ಫ್ರೀಜರಿನಲ್ಲೇ ಇದೆ, ತಿನ್ನಬಹುದೇ ಎಂದು ಬಳ್ಳಾರಿ ಕೌಲ್ ಬಜಾರಿನ ಓದುಗರೊಬ್ಬರು ಕೇಳಿದ್ದಾರೆ. ಮೈನಸ್ 18 ಡಿಗ್ರಿಯಲ್ಲಿ ಕದಲದೆ ಇದ್ದದ್ದಾದರೆ ಧಾರಾಳವಾಗಿ ತಿನ್ನಿ. ಆ ಚಳಿಗೆ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಬೆಳೆಯುವುದೂ ಇಲ್ಲ. ಕೆಡುವುದು ರುಚಿ ಮಾತ್ರ. ಮಸಾಲೆ ಮಂಕಾಗುತ್ತದೆ, ಕೊಬ್ಬು ಕಮಟಾಗುತ್ತದೆ, ಮುಚ್ಚಳ ಸಡಿಲವಿದ್ದರೆ ತುಂಡುಗಳು ಒಣಗಿ ಬಿಳಿಚಿಕೊಳ್ಳುತ್ತವೆ.

ಇಷ್ಟು ಹೇಳಿದ್ದೇ ತಡ, ‘ತಂಗಳು ತಾಮಸ’ ಪಂಗಡದವರು ಭಗವದ್ಗೀತೆಯ 17ನೆಯ ಅಧ್ಯಾಯ ಹಿಡಿದು ಬರುತ್ತಾರೆ. ಈ ಅಂಕಣಕ್ಕೂ ಅವರಿಗೂ ಹಳೆಯ ಜಗಳ. ಯಾಮ ಕಳೆದ ಅಡುಗೆ ತಾಮಸವೆಂದು ಅವರು ಅರ್ಥ ಹೇಳುತ್ತಾರೆ. ಒಪ್ಪಿದೆ, ಯಾಮವೆಂದರೆ ಮೂರು ಗಂಟೆ. ಇಂದಿನ ಆಹಾರ ಸುರಕ್ಷತೆಯ ಲೆಕ್ಕ ಅದಕ್ಕಿಂತ ಬಿಗಿ: ಬೇಯಿಸಿದ್ದು ಹೊರಗಿರಬಹುದಾದದ್ದು ಎರಡೇ ಗಂಟೆ, ಸೆಕೆ 32 ಡಿಗ್ರಿ ದಾಟಿದರೆ ಒಂದೇ ಗಂಟೆ. 40 ಡಿಗ್ರಿ ಕಾಣುವ ಬಳ್ಳಾರಿ ಬೇಸಿಗೆಯಲ್ಲಿ ಮಧ್ಯಾಹ್ನದ ಅನ್ನವನ್ನು ಕಟ್ಟೆಯ ಮೇಲಿಟ್ಟು ರಾತ್ರಿ ಒಗ್ಗರಣೆ ಹಾಕುವವರೂ ಇವರೇ!

ಅನ್ನದ ವಿಷಯ ಬಂತಲ್ಲ, ಕುರ್ಮಾಕ್ಕಿಂತ ನನಗೆ ಅದರದೇ ಹೆದರಿಕೆ. ಸಿರುಗುಪ್ಪದ ಸೋನಾಮಸೂರಿಯಾದರೇನು, ಬಾಸ್ಮತಿಯಾದರೇನು, ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳಿರಬಹುದು. ಅವು ಕುದಿತಕ್ಕೂ ಜಗ್ಗುವುದಿಲ್ಲ. ಅನ್ನ ಬೆಚ್ಚಗೆ ಕೂತಷ್ಟು ಹೊತ್ತೂ ಮೊಳೆತು, ಬೆಳೆದು, ವಿಷ ಮಾಡುತ್ತವೆ. ವಾಂತಿ ಬರಿಸುವ ಬಗೆಯ ವಿಷವಂತೂ ಮತ್ತೆ ಬಿಸಿ ಮಾಡಿದರೂ ಹೋಗದು, ಫ್ರೀಜರಿಗಿಟ್ಟರೂ ಹೋಗದು. ‘ಮೂಸಿ ನೋಡ್ರೀ, ಗೊತ್ತಾಗ್ತೈತಿ’ ಎನ್ನುವ ಮೂಗುಪಂಡಿತರಿಗೆ ಅದರ ವಾಸನೆಯೇ ಸಿಕ್ಕುವುದಿಲ್ಲ.

ಹಾಗಾಗಿ ಡಬ್ಬಿಯ ಮೇಲೆ ತಾರೀಖು ಬರೆದರೆ ಸಾಲದು, ಅದು ಒಲೆಯಿಂದಿಳಿದು ಎಷ್ಟು ಹೊತ್ತಿಗೆ ಫ್ರೀಜರ್ ಸೇರಿತೆಂಬುದು ಮುಖ್ಯ. ದೊಡ್ಡ ದೇಗ್ಚಿ ರಾತ್ರಿಯಿಡೀ ಆರುತ್ತ ಕೂರಬಾರದು. ಅಗಲ ತಟ್ಟೆಗೆ ಸುರಿದು ಬೇಗ ಆರಿಸಿ, ಒಂದೊಂದು ಊಟದಷ್ಟು ಸಣ್ಣ ಡಬ್ಬಿಗಳಿಗೆ ತುಂಬಿಡಿ. ತಿನ್ನುವ ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಗಿನ ಖಾನೆಗೆ ಇಳಿಸಿ ಕರಗಿಸಿ. ಆಮೇಲೆ ನಡುವೆಯೂ ಹಬೆಯಾಡುವಂತೆ ಕುದಿಸಿ.

ಇನ್ನು ಕರೆಂಟು. ಭರ್ತಿ ತುಂಬಿದ ಫ್ರೀಜರ್ ಬಾಗಿಲು ತೆರೆಯದಿದ್ದರೆ ಸುಮಾರು 48 ಗಂಟೆ ತಡೆಯುತ್ತದೆ, ಅರ್ಧ ತುಂಬಿದ್ದು 24 ಗಂಟೆ. ಇದು ಬೇರೆಯಾಗಿ ಬಾಗಿಲಿರುವ ಫ್ರೀಜರಿನ ಮಾತು. ಹಳೆಯ ಒಂಟಿ ಬಾಗಿಲಿನ ಫ್ರಿಜ್ಜಿನ ಐಸ್ ಗೂಡನ್ನು ತಿಂಗಳುಗಟ್ಟಲೆ ನಂಬಬೇಡಿ. ಊರಿಗೆ ಹೋಗುವ ಮುನ್ನ ಒಂದು ಬಟ್ಟಲು ನೀರನ್ನು ಫ್ರೀಜರಿನಲ್ಲಿ ಗಟ್ಟಿಮಾಡಿ, ಮೇಲೊಂದು ರೂಪಾಯಿ ನಾಣ್ಯ ಇಡಿ. ಬಂದಾಗ ಅದು ಮೇಲೆಯೇ ಇದ್ದರೆ ಚಿಂತೆಯಿಲ್ಲ. ತಳ ಸೇರಿದ್ದರೆ ನೀವಿಲ್ಲದಾಗ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಎಂದೇ ಅರ್ಥ. ಎಷ್ಟೇ ಘಮಘಮಿಸಲಿ, ಚೆಲ್ಲಿ. ‘ಅನ್ನ ಚೆಲ್ತೀಯಾ’ ಎಂದು ಬೈಯುವ ಹಿರಿಯರಿಗೆ ಈ ಅಂಕಣ ತೋರಿಸಿ, ಆ ಬೈಗುಳ ನನಗಿರಲಿ.