ಪೆಟ್ಟಿಗೆ ಕೊಂಡು ಮುತ್ತು ಬಿಟ್ಟವನು

ಚೀನಾದ ಹಳೆಯ ಗ್ರಂಥ 'ಹಾನ್ ಫೆಯ್ ತ್ಸು'ವಿನಲ್ಲಿ ಒಂದು ಕಥೆಯಿದೆ. ಚೂ ರಾಜ್ಯದವನೊಬ್ಬ ಮುತ್ತು ಮಾರಲಿಕ್ಕೆ ಸುವಾಸನೆಯ ಮರದ ಪೆಟ್ಟಿಗೆ ಮಾಡಿ, ಅದಕ್ಕೆ ಹರಳು ಕೂಡಿಸಿದ. ಝೆಂಗ್ ರಾಜ್ಯದವನು ಅದನ್ನು ಕೊಂಡು, ಪೆಟ್ಟಿಗೆ ಇಟ್ಟುಕೊಂಡು, ಮುತ್ತನ್ನ ವಾಪಸು ಕೊಟ್ಟ. ಎರಡು ಸಾವಿರ ವರ್ಷದಿಂದ ಅಲ್ಲಿಯ ಜನ ಇವನನ್ನ ಪೆದ್ದ ಅಂತ ನಗುತ್ತ ಬಂದಿದ್ದಾರೆ. ನಮಗೆ ಹಾಗೆ ಕಾಣೋದಿಲ್ಲ. ಪೇಟೆಯ ಗುಟ್ಟು ಮೊದಲು ತಿಳಿದವನೇ ಅವನು.

ಚೀನಾದಲ್ಲಿ ಶರತ್ಕಾಲದ ಹುಣ್ಣಿಮೆ ಹಬ್ಬಕ್ಕೆ ಮೂನ್‌ಕೇಕ್ ತಿನ್ನುತ್ತಾರೆ. ಕಮಲದ ಬೀಜದ ಹೂರಣ, ನಡುವೆ ಉಪ್ಪು ಹಾಕಿಟ್ಟ ಬಾತುಕೋಳಿ ಮೊಟ್ಟೆಯ ಹಳದಿ. ಅಂಗೈಯೊಳಗೆ ಹಿಡಿಯುವ ತಿಂಡಿ. ಹಿಂದೆ ಕಾಗದದಲ್ಲಿ ಸುತ್ತಿ ದಾರ ಕಟ್ಟಿ ಕೊಡುತ್ತಿದ್ದರು. ಆಮೇಲೆ ತಗಡಿನ ಡಬ್ಬ ಬಂತು, ರೇಷ್ಮೆ ಹೊದಿಸಿದ ಪೆಟ್ಟಿಗೆ ಬಂತು, ಪೆಟ್ಟಿಗೆಯೊಳಗೆ ಮದ್ಯ, ಚಹಾ ಬಂದವು. ಯಾಕೆ? ತಿನ್ನುವವನು ಕೊಳ್ಳೋದಿಲ್ಲ, ಕೊಳ್ಳುವವನು ತಿನ್ನೋದಿಲ್ಲ. ಗುತ್ತಿಗೆದಾರ ಅಧಿಕಾರಿಗೆ, ಕಂಪನಿ ಗಿರಾಕಿಗೆ, ಕೈಕೆಳಗಿನವನು ಸಾಹೇಬನಿಗೆ ಕೊಡುವ ವಸ್ತು ಅದು. ಪೆಟ್ಟಿಗೆಯ ತೂಕ ಅಂದರೆ ಪಡೆಯುವವನ ಕುರ್ಚಿಯ ತೂಕ. ಮೂನ್‌ಕೇಕಿನ ಚೀಟಿಯೂ ಉಂಟು: ಉಡುಗೊರೆ ಪಡೆದವನು ಅದನ್ನ ದಲ್ಲಾಳಿಗೆ ಕಡಿಮೆ ಬೆಲೆಗೆ ಮಾರುತ್ತಾನೆ, ತಯಾರಕನೇ ಅದನ್ನ ಮರಳಿ ಕೊಳ್ಳುತ್ತಾನೆ. ತಿಂಡಿ ಬೇಯಲೇ ಇಲ್ಲ, ಉಡುಗೊರೆ ಮಾತ್ರ ಮುಟ್ಟಿತು!

ಸರ್ಕಾರ ಸುಮ್ಮನಿಲ್ಲ. 2013ರಲ್ಲಿ ಪಕ್ಷದ ಶಿಸ್ತು ಆಯೋಗ ಸಾರ್ವಜನಿಕ ಹಣದಿಂದ ಮೂನ್‌ಕೇಕ್ ಹಂಚಬಾರದು ಅಂತ ತಡೆಯಿತು. ದುಬಾರಿ ಪೆಟ್ಟಿಗೆಗಳ ವ್ಯಾಪಾರ ಬಿತ್ತು. 2022ರ ಆಗಸ್ಟ್ 15ರಿಂದ ಹೊದಿಕೆ ಮೂರು ಪದರ ಮೀರುವಂತಿಲ್ಲ. ಬೆಲೆ 100 ಯುವಾನ್ ದಾಟಿದರೆ ಹೊದಿಕೆಯ ಖರ್ಚು ಅದರಲ್ಲಿ ಶೇ. 15ರೊಳಗೆ ಇರಬೇಕು. ಬೆಲೆಬಾಳುವ ಲೋಹ, ಬೀಟೆಯಂಥ ಮರ ಬಳಸಕೂಡದು. ತಿಂಡಿಯ ಡಬ್ಬಕ್ಕೆ ಬಂಗಾರ ಬೇಡ ಅಂತ ಕಾನೂನಿನಲ್ಲಿ ಬರೆಯಬೇಕಾಯಿತೆಂದರೆ ನೋಡಿ.

ಆದರೆ ಕಾನೂನು ಪದರ ಎಣಿಸುತ್ತದೆ, ಉಡುಗೊರೆ ಯಾವ ದಿಕ್ಕಿಗೆ ಹೋಗುತ್ತದೆ ಅಂತ ಕೇಳೋದಿಲ್ಲ. ಅದು ಯಾವಾಗಲೂ ಮೇಲಕ್ಕೇ ಹತ್ತುತ್ತದೆ. ಪೆಟ್ಟಿಗೆ ಅಂಟಿಸಿದ ಕೈಗಳ ಕಡೆಗೆ ಒಂದೂ ಇಳಿಯೋದಿಲ್ಲ. ಗ್ವಾಂಗ್‌ಡಾಂಗ್ ಪ್ರಾಂತ್ಯದ ಡೊಂಗ್‌ಗ್ವಾನ್ ಪಟ್ಟಣ ಮುದ್ರಣಕ್ಕೂ ಪೆಟ್ಟಿಗೆ ತಯಾರಿಕೆಗೂ ಹೆಸರಾದದ್ದು. ಅಲ್ಲಿಯ ಕಾರ್ಖಾನೆಗಳಲ್ಲಿ ದುಡಿಯಲು ಹುನಾನ್, ಸಿಚುವಾನ್, ಗ್ವಾಂಗ್‌ಷಿ ಹಳ್ಳಿಗಳಿಂದ ಹೆಣ್ಣುಮಕ್ಕಳು, ಗಂಡಸರು ಬಂದಿದ್ದಾರೆ. ಹಳ್ಳಿಯವರನ್ನೂ ಪಟ್ಟಣದವರನ್ನೂ ಬೇರೆ ಬೇರೆ ದಾಖಲಿಸುವ 1958ರ ಹುಕೌ ವ್ಯವಸ್ಥೆ ಈಗ ಸಡಿಲವಾಗಿದೆಯೇ ಹೊರತು ಹೋಗಿಲ್ಲ. ವಲಸೆ ಬಂದವರ ಮಕ್ಕಳಿಗೆ ಪಟ್ಟಣದ ಸರ್ಕಾರಿ ಶಾಲೆ ಸುಲಭಕ್ಕೆ ಸಿಗೋದಿಲ್ಲ.

ಮನೆಯವರೆಲ್ಲ ಒಟ್ಟಿಗೆ ಕೂತು ಚಂದ್ರನನ್ನ ನೋಡುವುದೇ ಆ ಹಬ್ಬ. ಇಂಥ ಎಷ್ಟೋ ಮಕ್ಕಳು ಊರಲ್ಲಿ ಅಜ್ಜಿಯ ಪಕ್ಕ ಕೂತು ನೋಡುತ್ತಾರೆ.