ಪಿಸ್ಟನ್ ಮೇಲಿನ ಕಾಣದ ಐದು ಕಿಲೋ

ಬಾಯ್ಲ್ ನಿಯಮದ ಪ್ರಯೋಗವನ್ನು ಪಾದರಸದ ಕೊಳವೆಯಿಂದ ಬಿಡಿಸಿ ಪ್ಲಾಸ್ಟಿಕ್ ಸಿರಿಂಜಿಗೆ ತಂದದ್ದು ಶಾಲೆಗಳಿಗಾದ ದೊಡ್ಡ ಉಪಕಾರ. ಪಾದರಸ ವಿಷ, ಸಿರಿಂಜು ಔಷಧಿ ಅಂಗಡಿಯಲ್ಲೇ ಸಿಗುತ್ತದೆ. ಮೂತಿಗೆ ಎಂ-ಸೀಲ್ ಮೆತ್ತಿ, ನೆಟ್ಟಗೆ ನಿಲ್ಲಿಸಿ, ಪಿಸ್ಟನ್ ಮೇಲೆ ತೂಕ ಇಡುತ್ತಾ ಗಾಳಿ ಎಷ್ಟು ಮಿಲಿಲೀಟರಿಗೆ ಇಳಿಯಿತೆಂದು ಓದಿಕೊಂಡರಾಯಿತು. ಒತ್ತಿದ ಗಾಳಿ ಅಂಗೈಯನ್ನು ಮರಳಿ ನೂಕುವುದು ಮಗುವಿಗೆ ನೇರವಾಗಿ ತಿಳಿಯುತ್ತದೆ.

ನನ್ನ ತಕರಾರು ಅದನ್ನು ಮಾಡಿಸುವ ರೀತಿಯ ಬಗ್ಗೆ. ಒತ್ತಡ ಇಮ್ಮಡಿಯಾದರೆ ಗಾತ್ರ ಅರ್ಧ ಎಂದು ಬೋರ್ಡಿನ ಮೇಲೆ ಮೊದಲೇ ಬರೆದಾಗಿರುತ್ತದೆ. ಪಿಸ್ಟನ್ನಿನ ತಳ 5 ಚದರ ಸೆಂಟಿಮೀಟರ್, ಒಳಗೆ 50 ಮಿಲಿಲೀಟರ್ ಗಾಳಿ ಎಂದಿಟ್ಟುಕೊಳ್ಳಿ. 1 ಕಿಲೋ ಇಟ್ಟರೆ ಅದು ಸುಮಾರು 42ಕ್ಕೆ ಇಳಿಯುತ್ತದೆ. ಹಾಗಾದರೆ 2 ಕಿಲೋಗೆ 21 ಆಗಬೇಕಲ್ಲ? ಆಗದು, 36ರ ಹತ್ತಿರ ನಿಂತುಬಿಡುತ್ತದೆ. ಮಕ್ಕಳು ಗಲಿಬಿಲಿಗೊಳ್ಳುವ ಈ ಗಳಿಗೆಯೇ ಪಾಠದ ಜೀವಾಳ. ನಾವು ಕೈ ಹಾಕುವ ಮೊದಲೇ ಹೊರಗಿನ ಗಾಳಿ ಆ ಪಿಸ್ಟನ್ ಮೇಲೆ ಸುಮಾರು 5 ಕಿಲೋ ಹೇರಿ ಕೂತಿತ್ತು. 1 ಕಿಲೋವನ್ನು 2 ಮಾಡಿದಾಗ ಒಟ್ಟು ಹೊರೆ 6ರಿಂದ 7 ಆಯಿತು, ಅಷ್ಟೆ. ಇದನ್ನು ಮಕ್ಕಳೇ ಕಂಡುಕೊಳ್ಳುವಷ್ಟು ಹೊತ್ತು ನಾವು ಸುಮ್ಮನಿರುವುದಿಲ್ಲ. ‘ಹೊರಗಿನ ಗಾಳಿಯ ಒತ್ತಡವೆಂದು 76 ಸೆಂಟಿಮೀಟರ್ ಪಾದರಸ ಸೇರಿಸಿಕೊಳ್ಳಿ’ ಎಂದು ಹೇಳಿಬಿಡುತ್ತೇವೆ. ಅದೂ ಸಮುದ್ರಮಟ್ಟದ ಅಂಕಿ. ಮಂಗಳೂರಿಗೆ ಸರಿಹೋದೀತು, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಪಾದರಸ 68ರ ಆಸುಪಾಸಿನಲ್ಲೇ ನಿಲ್ಲುತ್ತದೆ.

ಪಿಸ್ಟನ್ ತುದಿಯ ರಬ್ಬರು ಸಿರಿಂಜಿನ ಗೋಡೆಗೆ ತಿಕ್ಕುವುದನ್ನೂ ಹೀಗೆಯೇ ಮುಚ್ಚಿಬಿಡುತ್ತೇವೆ. ಪಿಸ್ಟನ್ನನ್ನು ತುಸು ಕೆಳಕ್ಕೊತ್ತಿ ಬಿಟ್ಟರೆ ಒಂದು ರೀಡಿಂಗ್, ತುಸು ಮೇಲೆತ್ತಿ ಬಿಟ್ಟರೆ ಇನ್ನೊಂದು. ಎರಡನ್ನೂ ಬರೆದು ಸರಾಸರಿ ತೆಗೆಯಬೇಕು. ಆದರೆ ರೆಕಾರ್ಡ್ ಪುಸ್ತಕಗಳನ್ನು ತಿರುವಿದರೆ ಒತ್ತಡ ಮತ್ತು ಗಾತ್ರದ ಗುಣಲಬ್ಧ ಸಾಲು ಸಾಲಾಗಿ ಒಂದೇ! ರಬ್ಬರ್ ಅಷ್ಟು ವಿಧೇಯವಾಗಿರುವುದಿಲ್ಲ. ಅಂಕದ ಭಯಕ್ಕೆ ಮಕ್ಕಳು ಉತ್ತರದಿಂದ ಹಿಂದಕ್ಕೆ ಲೆಕ್ಕ ಕಟ್ಟುತ್ತಾರೆ. ಇದು ನನಗೆ ನಿಜವಾಗಿ ನೋವು ಕೊಡುವ ಸಂಗತಿ, ತಪ್ಪು ಅವರದಲ್ಲ.

ಈ ಭಯ ಹೋಗಬೇಕಾದರೆ ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ಅಳತೆಗಳ ಕೋಷ್ಟಕವನ್ನು ಪ್ರಯೋಗಕ್ಕೂ ಮುನ್ನ ತರಗತಿಯಲ್ಲಿ ತೋರಿಸಬೇಕು. ಗಾಳಿ ಕಾಲುಭಾಗಕ್ಕೆ ಕುಗ್ಗಿದಾಗ ನಿಯಮದ ಪ್ರಕಾರ ಒತ್ತಡ 116½ ಇಂಚು ಪಾದರಸದಷ್ಟಿರಬೇಕಿತ್ತು. ಅವನ ಅಳತೆಗೆ ಸಿಕ್ಕಿದ್ದು 117½ಕ್ಕೂ ಚೂರು ಹೆಚ್ಚು. ಸಿಕ್ಕಿದ್ದನ್ನೂ ಸಿಗಬೇಕಾಗಿದ್ದನ್ನೂ ಅವನು ಅಕ್ಕಪಕ್ಕದ ಕಾಲಮ್ಮುಗಳಲ್ಲೇ ಅಚ್ಚುಹಾಕಿಸಿದ.