ದೇವರು ಕೊಟ್ಟರೂ ಪೂಜಾರಿ ಕೊಡ

ಹೋದ ತಿಂಗಳು ಗೆಳೆಯನೊಬ್ಬ ಫೋನ್ ಮಾಡಿದ. "ಮಗಾ, ನಮ್ ಶಾರ್ಟ್ ಫಿಲಂ ಫೆಸ್ಟಿವಲ್‌ಗೆ ಕಳಿಸ್ತಿದೀನಿ. ಕ್ಲೈಮ್ಯಾಕ್ಸ್ 12 ಸೆಕೆಂಡ್ ಜಾಸ್ತಿ ಆಗಿದೆ, ಮ್ಯೂಸಿಕ್ ಸ್ವಲ್ಪ ಎಳೆದುಕೊಡೋ" ಅಂದ. ಎರಡು ವರ್ಷದ ಹಿಂದೆ ನಾನೇ ಮಾಡಿದ್ದ ಸಂಗೀತ. ಅರ್ಧ ಗಂಟೆ ಕೆಲಸ ಅಂದುಕೊಂಡು ಪ್ರಾಜೆಕ್ಟ್ ತೆರೆದೆ. ಪಿಟೀಲಿನ ಟ್ರ್ಯಾಕ್ ಮೇಲಿದ್ದ ರಿವರ್ಬ್ ಪ್ಲಗಿನ್ ಬಾಯಿ ಬಿಡಲಿಲ್ಲ. ಲೈಸೆನ್ಸ್ ಇಲ್ಲ ಅಂತ ಒಂದು ಸಾಲು ಬಂತು, ಅಷ್ಟೇ.

ದುಡ್ಡು ಕೊಟ್ಟು ಕೊಂಡಿದ್ದು ಸ್ವಾಮಿ. ಬಿಲ್ ಇನ್ನೂ ಮೇಲ್‌ನಲ್ಲಿದೆ. ಆ ಕಂಪನಿಯ ಮ್ಯಾನೇಜರ್ ಸಾಫ್ಟ್‌ವೇರ್ ತೆರೆದು ಲಾಗಿನ್ ಆದೆ. ಪಟ್ಟಿಯಲ್ಲಿ ಪ್ಲಗಿನ್ ಇದೆ, ಒಂದೇ ಕ್ಲಿಕ್‌ಗೆ ಇನ್‌ಸ್ಟಾಲೂ ಆಯ್ತು. ಆಕ್ಟಿವೇಟ್ ಒತ್ತಿದರೆ ಮಾತ್ರ ನಿಮ್ಮ ಎರಡು ಮಷೀನ್‌ಗಳ ಮಿತಿ ಮುಗಿದಿದೆ ಅಂತು. ಒಂದು ಲೈಸೆನ್ಸ್ ಸುಟ್ಟುಹೋದ ಡೆಸ್ಕ್‌ಟಾಪ್‌ನಲ್ಲಿ. ಇನ್ನೊಂದು ಹಳೇ ಆಫೀಸಿನ ಲ್ಯಾಪ್‌ಟಾಪ್‌ನಲ್ಲಿ. ಕೆಲಸ ಬಿಟ್ಟ ದಿನ ಲ್ಯಾಪ್‌ಟಾಪ್, ಐಡಿ ಕಾರ್ಡ್, ಹೆಡ್‌ಸೆಟ್ ಎಲ್ಲ ಒಪ್ಪಿಸಿ ಸಹಿ ಹಾಕಿ ಬಂದಿದ್ದೆ. ಲೈಸೆನ್ಸ್ ಬಿಡಿಸಿಕೊಳ್ಳಬೇಕು ಅಂತ ಹೊಳೆದೇ ಇರಲಿಲ್ಲ. ಈಗ ಬಿಡಿಸೋಣ ಅಂದರೆ ಅದೇ ಮಷೀನ್ ಬೇಕಂತೆ!

ಸಪೋರ್ಟ್‌ನವರು ಉತ್ತರ ಕೊಟ್ಟಿದ್ದು ನಾಲ್ಕು ದಿನಕ್ಕೆ. ಗೆಳೆಯನಿಗೆ ಇದ್ದಿದ್ದು ಎರಡು ದಿನ. ಬೇರೆ ರಿವರ್ಬ್ ಹಾಕಿ ಕಳಿಸಿದೆ. ಅವನಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ನನಗೆ ಗೊತ್ತು.

ಹಾಗಂತ ಈ ಮ್ಯಾನೇಜರ್‌ಗಳನ್ನು ಸುಮ್ಮನೆ ಬೈಯೋದು ತಪ್ಪು. ಸ್ಟೈನ್‌ಬರ್ಗ್ ಕಂಪನಿ 1996ರಲ್ಲಿ ವಿಎಸ್‌ಟಿ ತಂದ ಮೇಲೆ ಯಾರು ಬೇಕಾದರೂ ಪ್ಲಗಿನ್ ಮಾಡಿ ಮಾರಬಹುದು ಅಂತಾಯ್ತು. ಆದರೆ ಕೊಂಡವರು ಸೀರಿಯಲ್ ನಂಬರ್ ಬರೆದಿಟ್ಟುಕೊಂಡು, ಫೈಲನ್ನು ಸರಿಯಾದ ಫೋಲ್ಡರ್‌ಗೆ ಹಾಕಿ, ಹೊಸ ಆವೃತ್ತಿ ಬಂತಾ ಅಂತ ತಾವೇ ಹುಡುಕಬೇಕಿತ್ತು. ನೇಟಿವ್ ಆಕ್ಸೆಸ್, ವೇವ್ಸ್ ಸೆಂಟ್ರಲ್, ಆರ್ಟೂರಿಯಾ ಸಾಫ್ಟ್‌ವೇರ್ ಸೆಂಟರ್ ಥರದವು ಆ ತಲೆನೋವು ತೆಗೆದಿವೆ. ಹತ್ತಾರು ಜಿಬಿಯ ವಾದ್ಯಗಳ ಸ್ಯಾಂಪಲ್‌ಗಳನ್ನು ಇಳಿಸಿಕೊಳ್ಳುವಾಗಂತೂ ಇವು ಬೇಕೇ ಬೇಕು.

ನನ್ನ ತಕರಾರು ಬೇರೆ. ಈ ಸಾಫ್ಟ್‌ವೇರ್ ಎರಡು ಕೆಲಸ ಮಾಡುತ್ತದೆ: ಸಾಮಾನು ತಂದುಕೊಡೋದು, ಮತ್ತು ಬಾಗಿಲು ಕಾಯೋದು. ಮೊದಲನೆಯದು ನಮಗಾಗಿ. ಎರಡನೆಯದು ಕಂಪನಿಗಾಗಿ. ಎರಡನ್ನೂ ಒಂದೇ ಚೆಂದದ ಕಿಟಕಿಯಲ್ಲಿಟ್ಟು "ನಿಮ್ಮ ಅನುಕೂಲಕ್ಕೆ" ಅನ್ನುವುದು ಸರಿಯಲ್ಲ. ಜೊತೆಗೆ ಕಂಪನಿಗೊಬ್ಬ ಕಾವಲುಗಾರ. ನಾಲ್ಕು ಕಂಪನಿಯ ಪ್ಲಗಿನ್ ಕೊಂಡರೆ ನಾಲ್ಕು ಲಾಗಿನ್, ಹಿನ್ನೆಲೆಯಲ್ಲಿ ಓಡುವ ನಾಲ್ಕು ಪ್ರೋಗ್ರಾಂ. ಪೈರಸಿ ತಡೆಯೋಕೆ ಅಂತಾರೆ, ನಿಜ ಇರಬಹುದು. ಆದರೆ ಕ್ರ್ಯಾಕ್ ಮಾಡಿದ ಪ್ರತಿ ಯಾರ ಲೈಸೆನ್ಸೂ ಕೇಳಲ್ಲ. ಪೂಜಾರಿ ತಡೆಯೋದು ಕಾಣಿಕೆ ಹಾಕಿದ ನಮ್ಮನ್ನೇ.

ನಿಯಮ ಯಾವಾಗ ಬದಲಾಗುತ್ತದೋ ಅದೂ ನಮ್ಮ ಕೈಲಿಲ್ಲ. 2023ರ ಮಾರ್ಚ್‌ನಲ್ಲಿ ವೇವ್ಸ್ ಕಂಪನಿ, ಇನ್ನು ಮೇಲೆ ಪ್ಲಗಿನ್ ಮಾರಲ್ಲ, ಚಂದಾ ಮಾತ್ರ ಅಂತ ಘೋಷಿಸಿತು. ಬಳಕೆದಾರರು ಮುಗಿಬಿದ್ದು ಬೈದ ಮೇಲೆ ಕೆಲವೇ ದಿನದಲ್ಲಿ ಹಿಂದೆ ಸರಿಯಿತು. ಸ್ಟೈನ್‌ಬರ್ಗ್‌ನ ಕ್ಯೂಬೇಸ್‌ಗೆ ವರ್ಷಗಟ್ಟಲೆ ಯುಎಸ್‌ಬಿ ಡಾಂಗಲ್ ಚುಚ್ಚಿಕೊಂಡೇ ಕೂರಬೇಕಿತ್ತು. 2022ರಲ್ಲಿ ಬಂದ ಕ್ಯೂಬೇಸ್ 12ರಿಂದ ಅದು ತಪ್ಪಿತು. ಒಂದು ಒಳ್ಳೆಯದಾಯ್ತು, ಒಂದು ಕೆಟ್ಟದಾಗೋದು ತಪ್ಪಿತು. ಆದರೆ ಎರಡೂ ಸಲ ಮೊದಲ ನಿರ್ಧಾರ ಅವರದೇ.

ಬೇರೆ ದಾರಿ ಇಲ್ಲ ಅನ್ನೋ ಹಾಗೂ ಇಲ್ಲ. ಫ್ಯಾಬ್‌ಫಿಲ್ಟರ್‌ನವರು ಒಂದು ಲೈಸೆನ್ಸ್ ಕೀ ಕಳಿಸುತ್ತಾರೆ, ಅಂಟಿಸಿದರೆ ಮುಗಿಯಿತು. ವಲ್ಹಾಲಾ ರಿವರ್ಬ್‌ಗಳಿಗೆ ಒಂದು ಚಿಕ್ಕ ಕೀ ಫೈಲ್ ಸಾಕು. ರೀಪರ್ ಕೂಡ ಹಾಗೇ. ಗಿರಾಕಿಯನ್ನು ನಂಬಿಯೂ ಇವರ ಅಂಗಡಿ ನಡೆಯುತ್ತಿದೆ. ಸರ್ಜ್ ಎಕ್ಸ್‌ಟಿ ಸಿಂತ್ ಅಂತೂ ಓಪನ್ ಸೋರ್ಸ್, ಪುಕ್ಕಟೆ.

ಇದನ್ನು ಓದಿ ಯಾರೂ ಇರುವ ಪ್ಲಗಿನ್ ಬಿಸಾಡಬೇಕಿಲ್ಲ. ನಾನೂ ಬಿಸಾಡಿಲ್ಲ. ಆದರೆ ಕೊಳ್ಳುವ ಮುಂಚೆ ಸದ್ದು ಕೇಳುವಷ್ಟೇ ಶ್ರದ್ಧೆಯಿಂದ ಮೂರು ಪ್ರಶ್ನೆ ಕೇಳ್ತೀನಿ: ಎಷ್ಟು ಮಷೀನ್? ಇಂಟರ್ನೆಟ್ ಇಲ್ಲದೆ ಓಡುತ್ತಾ? ಮಷೀನ್ ಕೈತಪ್ಪಿದರೆ ಲೈಸೆನ್ಸನ್ನು ನಾನೇ ವಾಪಸ್ ಪಡೀಬಹುದಾ? ಇನ್ನು ಪ್ರಾಜೆಕ್ಟ್ ಮುಗಿದ ದಿನವೇ ಪ್ರತಿ ಟ್ರ್ಯಾಕನ್ನೂ ಎಫೆಕ್ಟ್ ಸಮೇತ ಒಂದು ಸಲ, ಎಫೆಕ್ಟ್ ಇಲ್ಲದೆ ಒಂದು ಸಲ ವೇವ್ ಫೈಲ್ ಮಾಡಿ ಎತ್ತಿಡ್ತೀನಿ. ಆ ಫೈಲ್ ತೆರೆಯೋಕೆ ಯಾವ ಲಾಗಿನ್ನೂ ಬೇಡ.

ಮತ್ತೆ, ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಹಾಡು ಮಾಡುವವರೇ, ನೋಟಿಸ್ ಪೀರಿಯಡ್ ಮುಗಿಯೋ ದಿನ ಕೇಕ್ ಕತ್ತರಿಸುವ ಮುಂಚೆ ಡಿಆಕ್ಟಿವೇಟ್ ಒತ್ತಿ.